ಕಾಲು ನೆಲಕ್ಕೆ ಎಟುಕದ ಕುರ್ಚಿ

“ನಾನೇ ಹೇಳಿದ್ದು ಮೇಡಂ. ದೋಣಿ ಮಾವ ಏನಂದ ಅಂತ ಅವರಿಗೆ ಪೇಟೆ ಮಾತಲ್ಲಿ ಹೇಳಿದ್ದು ನಾನೇ.”

ಇಷ್ಟು ಹೇಳಿ ಗಿಳಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕುಡಿಯಲಿಲ್ಲ. ಟೀ ಮೇಲೆ ಕೆನೆ ಕಟ್ಟುತ್ತಿತ್ತು.

ಮೂರು ದಿನದಿಂದ ತುಟಿ ಪಿಟಕ್ಕೆನ್ನದ ಹುಡುಗಿ ಇವತ್ತು ಬೆಳಗಾಗುತ್ತಲೇ ತಾನಾಗಿ ಬಂದು ಎದುರು ಕೂತು ತಪ್ಪೊಪ್ಪಿಕೊಂಡಿದ್ದಳು. ಇಂಥ ಹೊತ್ತಿನಲ್ಲಿ ದೊಡ್ಡವರು ಬಾಯಿ ಹಾಕಿದರೆ ಮಗುವಿನ ಬಾಯಿ ಮತ್ತೆ ಮುಚ್ಚಿಹೋಗುತ್ತದೆ ಎಂಬುದು ಗಿಡ್ಡಮ್ಮನಿಗೆ ಗೊತ್ತು.

ಅದು ನರ್ಸಮ್ಮನ ಮನೆಯ ಅಡುಗೆಮನೆ. ಆರೋಗ್ಯ ಕೇಂದ್ರದ ಹಿಂದುಗಡೆಗೆ ಅಂಟಿಕೊಂಡ ಪುಟ್ಟ ಮನೆ. ಕಿಟಕಿಯಾಚೆ ಕೇಂದ್ರದ ಜಗಲಿಯಲ್ಲಿ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಸೇನೆಯವರು ಶಾಲೆಯ ಕಟ್ಟಡದಲ್ಲಿ ಶಿಬಿರ ಹಾಕಿದಂದಿನಿಂದ ಈ ಜಗಲಿಯೇ ಶಾಲೆ. ರೋಗಿಗಳು ಬಂದಾಗ ಮೇಷ್ಟ್ರು ಮಕ್ಕಳನ್ನು ಒತ್ತಿ ಕೂರಿಸಿ ದಾರಿ ಬಿಡಿಸುತ್ತಾರೆ.

ನಡೆದದ್ದು ಇಷ್ಟು. ಬೆಟ್ಟದ ಕೇರಿಯವರನ್ನು ನದಿ ದಾಟಿಸುವ ದೋಣಿಯವನನ್ನು ಶಿಬಿರಕ್ಕೆ ವಿಚಾರಣೆಗೆಂದು ಕರೆದೊಯ್ದರು, ಮರಳಿ ಕಳಿಸಲಿಲ್ಲ. ಅವನ ಮಾತನ್ನು ಸೈನಿಕರಿಗೆ ತಿಳಿಸಿಕೊಟ್ಟದ್ದು ಕೇರಿಯದೇ ಒಂದು ಮಗು ಎಂಬ ಸುದ್ದಿ ಹೇಗೋ ಹೊರಬಿತ್ತು. ಬೆಟ್ಟದ ಮಾತು, ಪೇಟೆ ಮಾತು ಎರಡೂ ನೀರು ಕುಡಿದಷ್ಟು ಸಲೀಸಾಗಿ ಬರುವ ಮಗು ಕೇರಿಯಲ್ಲಿ ಒಂದೇ ಒಂದು. ಅದಕ್ಕೇ ಅವಳಿಗೆ ಗಿಳಿ ಎಂದು ಹೆಸರು. ಅದೇ ರಾತ್ರಿ ಗಿಳಿಯ ಮನೆಯ ಮೇಲೆ ಕಲ್ಲು ಬಿದ್ದವು. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ನರ್ಸಮ್ಮನ ಮನೆ ಸೇರಿದಳು.

ದೋಣಿಯವನ ಹೆಂಡತಿ ಮಾತ್ರ ಕಲ್ಲು ಎತ್ತಲಿಲ್ಲವಂತೆ. ಅವಳು ಪೇಟೆಗೆ ನಡೆದು ಮಕ್ಕಳ ಹಕ್ಕುಗಳ ಆಯೋಗದ ಬಾಗಿಲು ತಟ್ಟಿದಳು. ಗಂಡನ ವಿಷಯಕ್ಕೆ ಎಲ್ಲ ಬಾಗಿಲೂ ಮುಚ್ಚಿದ್ದವು, ಮಗುವಿನ ವಿಷಯಕ್ಕೆ ಒಂದಾದರೂ ತೆರೆದೀತು ಎಂದು. ತೆರೆದದ್ದು ಗಿಡ್ಡಮ್ಮನ ಬಾಗಿಲು.

ಗಿಡ್ಡಮ್ಮ ಅನ್ನುವುದು ಪೊಲೀಸ್ ಇಲಾಖೆಯಲ್ಲಿದ್ದಾಗ ಯಾರೋ ಹಿಂದಿನಿಂದ ಆಡಿಕೊಳ್ಳಲು ಇಟ್ಟ ಹೆಸರು. ಆಕೆ ಆಯೋಗಕ್ಕೆ ತನಿಖಾಧಿಕಾರಿಯಾಗಿ ಬಂದಾಗ ಗಂಟುಮೂಟೆಯ ಜೊತೆ ಅದೂ ಬಂತು. ಈಗ ಆಕೆಯೇ ಫೋನೆತ್ತಿ “ಗಿಡ್ಡಮ್ಮ ಮಾತಾಡ್ತಿರೋದು” ಅನ್ನುತ್ತಾಳೆ. ಹದಿಮೂರು ತುಂಬಿದ ಗಿಳಿ ಪಕ್ಕದಲ್ಲಿ ನಿಂತರೆ ತನಿಖಾಧಿಕಾರಿಯ ತಲೆ ಅವಳ ಕಿವಿಯ ಮಟ್ಟಕ್ಕೆ ಬರುತ್ತದೆ. ಮಕ್ಕಳ ಜೊತೆ ಮಾತಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಎತ್ತರ ಇಲ್ಲ ಎಂದು ಆಕೆಯೇ ನಗುವುದುಂಟು.

“ಪುಟ್ಟಿ, ಹೇಳಬೇಕು ಅನ್ಸಿದ್ದಷ್ಟೇ ಹೇಳು,” ಎಂದಳು ಗಿಡ್ಡಮ್ಮ. “ಸಾಕು ಅನ್ಸಿದ ಕಡೆ ನಿಲ್ಲಿಸು. ನಾನು ಏನೂ ಅಂದುಕೊಳ್ಳಲ್ಲ.”

ಗಿಳಿ ಹೇಳಿದಳು. ಹೆಡ್‌ಮಾಸ್ಟರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮೇಜಿನ ಆಚೆ ಮೇಜರ್, ಈಚೆ ನೆಲದ ಮೇಲೆ ದೋಣಿ ಮಾವ. ಅವಳನ್ನು ಪಕ್ಕದ ಕುರ್ಚಿಯ ಮೇಲೆ ಕೂರಿಸಿದ್ದರು. ಬಿಸ್ಕತ್ತು ಕೊಟ್ಟಿದ್ದರು. ಮನೆಗೆ ಯಾರು ಬಂದಿದ್ದರು ಎಂದು ಮೇಜರ್ ಕೇಳಿದ, ದೋಣಿ ಮಾವ ಹೇಳಿದ, ಅವಳು ಅದನ್ನು ಪೇಟೆ ಮಾತಿಗೆ ತಿರುಗಿಸಿದಳು. ಆಮೇಲೆ ಎಲ್ಲರೂ ಎದ್ದು ನಿಂತರು. ದೋಣಿ ಮಾವನನ್ನು ಹಿತ್ತಲ ಬಾಗಿಲಿಂದ ಕರೆದುಕೊಂಡು ಹೋದರು.

“ಕಾಲು ನೆಲಕ್ಕೆ ಎಟುಕ್ತಿರಲಿಲ್ಲ,” ಎಂದಳು ಗಿಳಿ. “ಆಡಿಸ್ತಾ ಇದ್ದಾಗ ಒಂದು ಚಪ್ಪಲಿ ಬಿದ್ದುಹೋಯ್ತು. ಇಳಿದು ತಗೊಳ್ಳೋಕೆ ಭಯ. ಕೊನೇವರೆಗೂ ಹಾಗೇ ಕೂತಿದ್ದೆ.”

ಈ ಒಂದು ಮಾತು ಹೇಳುವಾಗ ಮಾತ್ರ ಅವಳ ದನಿ ಒದ್ದೆಯಾಯಿತು. ಉಳಿದದ್ದೆಲ್ಲ ಕಿಟಕಿಯಾಚೆಯ ಮಗ್ಗಿಯ ಹಾಗೆ ತಡೆಯಿಲ್ಲದೆ ಬಂದಿತ್ತು.

ಮಕ್ಕಳು ಹೆದರಿದ್ದನ್ನು ಹೇಳುವಾಗ ಹಿಂದುಮುಂದು ಮಾಡುತ್ತಾರೆ, ನಡುವಿನದನ್ನು ಮೊದಲು ಹೇಳುತ್ತಾರೆ, ಬೇಡದ್ದನ್ನು ನೂರು ಸಲ ಹೇಳುತ್ತಾರೆ. ಗಿಳಿ ಹಾಗೆ ಮಾಡಲಿಲ್ಲ. ಗಿಡ್ಡಮ್ಮನ ತಲೆಗೆ ಹುಳ ಹೊಕ್ಕಿತು. ಆದರೆ ಮೇಲಿಂದ ಮೇಲೆ ಕೆದಕಿ ಕೇಳಲು ಆಕೆಗೆ ಮನಸ್ಸು ಬರಲಿಲ್ಲ. ಮೇಜಿನ ಈಚೆ ಒಂದು ಮಗುವನ್ನು ಕೂರಿಸಿಕೊಂಡು, ಬಿಸ್ಕತ್ತು ಕೊಟ್ಟು, ಹೇಳು ಹೇಳು ಅನ್ನುವುದನ್ನು ಈಗಾಗಲೇ ಒಬ್ಬ ಮಾಡಿ ಮುಗಿಸಿದ್ದ. ತಾನು ಟೀ ಕೊಟ್ಟಿದ್ದೇನೆ, ಅಷ್ಟೇ ವ್ಯತ್ಯಾಸ.

“ದೋಣಿ ಮಾವ ಏನಂದಿದ್ದ?” ಎಂದಷ್ಟೇ ಕೇಳಿದಳು.

“ಆಚೆಯವರು ಬಂದಿದ್ರು, ಊಟ ಹಾಕಿ ಕಳಿಸ್ದೆ ಅಂದ. ನಾನು ಅದನ್ನೇ ಹೇಳ್ದೆ.”

ಒಲೆಯ ಪಕ್ಕ ಗೋಡೆಗೊರಗಿ ಕೂತಿದ್ದ ಅಜ್ಜಿ ತಲೆಯೆತ್ತಿದಳು. ಅವಳಿಗೆ ಪೇಟೆ ಮಾತು ಬಾರದು ಎಂದು ನರ್ಸಮ್ಮ ಮೊದಲ ದಿನವೇ ಹೇಳಿದ್ದಳು. ಆದರೂ ಮೊಮ್ಮಗಳ ಮುಖದಿಂದಲೇ ಏನೋ ತಿಳಿದವಳಂತೆ ಬೆಟ್ಟದ ಮಾತಿನಲ್ಲಿ ಒಂದೆರಡು ಸಾಲು ಆಡಿದಳು.

ಗಿಳಿ ಅಭ್ಯಾಸಬಲದಿಂದ ಗಿಡ್ಡಮ್ಮನ ಕಡೆ ತಿರುಗಿದಳು. “ಅಜ್ಜಿ ಏನಂತಾಳೆ ಅಂದ್ರೆ…”

ಗಿಡ್ಡಮ್ಮ ಅವಳ ಮೊಣಕೈ ಮುಟ್ಟಿ ತಡೆದಳು. “ಬೇಡ ಪುಟ್ಟಿ. ಆ ಕೆಲಸ ನಿಂದಲ್ಲ. ನರ್ಸಮ್ಮ ಇದ್ದಾರಲ್ಲ, ಅವರು ಹೇಳ್ತಾರೆ. ನೀನು ಟೀ ಕುಡಿ.”

ಗಿಳಿಯ ಮುಖದಲ್ಲಿ ಏನೋ ಸಡಿಲವಾಯಿತು. ಅವಳನ್ನು ಯಾರೂ ಇದುವರೆಗೆ ಈ ಕೆಲಸದಿಂದ ಬಿಡಿಸಿರಲಿಲ್ಲ. ಆಸ್ಪತ್ರೆ, ಪಡಿತರ ಅಂಗಡಿ, ಶಾಲೆ, ಎಲ್ಲ ಕಡೆ ದೊಡ್ಡವರ ಮಾತನ್ನು ಹೊತ್ತು ತಿರುಗಿದವಳು ಅವಳೇ.

ನರ್ಸಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡು ಬಂದಳು. ಬೆಟ್ಟದವರಲ್ಲೇ ಹುಟ್ಟಿ, ಪೇಟೆಯಲ್ಲಿ ಓದಿ, ಇಲ್ಲಿಗೇ ಕೆಲಸಕ್ಕೆ ಬಂದವಳು. ಹೆಚ್ಚು ಮಾತಿಲ್ಲ. ಮೂರು ದಿನದಿಂದ ಗಿಡ್ಡಮ್ಮನಿಗೆ ಕೇರಿಯ ಕಿವಿ, ಕೇರಿಯ ಬಾಯಿ ಎರಡೂ ಅವಳೇ.

ಅಜ್ಜಿ ಹೇಳಿದ್ದನ್ನು ಅವಳು ಬಿಡಿಸಿ ಹೇಳಿದಳು. ಬೆಟ್ಟದ ಮಾತಿನಲ್ಲಿ ‘ಆಚೆಯವರು’ ಅನ್ನುವುದಕ್ಕೆ ಎರಡು ಅರ್ಥ. ಕೊನೆಯ ಅಕ್ಷರ ಎಳೆದರೆ ನದಿಯಾಚೆ ನೆಲೆಸಿದ ನೆಂಟರು, ಮದುವೆಯಾಗಿ ಹೋದ ಅಕ್ಕತಂಗಿಯರ ಮನೆಯವರು. ಮೊಟಕಾಗಿಸಿದರೆ ಗುರುತಿಲ್ಲದವರು, ನಂಬಬಾರದವರು. ದೋಣಿಯವನ ಮಗಳನ್ನು ನೋಡಲು ಆ ವಾರ ಅವನ ಅಕ್ಕನ ಮನೆಯವರು ಬಂದಿದ್ದರು. ಅವನು ಎಳೆದೇ ಹೇಳಿರುತ್ತಾನೆ.

“ಸೇನೆಯವರು ಹುಡುಕ್ತಿರೋದು ಆಚೆಯಿಂದ ಬಂದ ಬಂದೂಕಿನವರನ್ನ,” ಎಂದಳು ನರ್ಸಮ್ಮ. “ಅವರ ಕಿವಿಗೆ ಬಿದ್ದಿದ್ದು ಮೊಟಕು ಮಾತು.”

“ಇದರಲ್ಲಿ ದೊಡ್ಡವರೂ ಎಡವ್ತಾರಾ?”

“ದೊಡ್ಡವರು ಎಡವಲ್ಲ ಮೇಡಂ. ಹಾಲುಹಲ್ಲಿನ ಮಕ್ಕಳು ಎಡವ್ತಾವೆ. ಮನೆಗೆ ಬಂದ ಅತ್ತೇನ ಮೊಟಕು ಮಾಡಿ ಕರೆದು ಎಲ್ಲರನ್ನೂ ನಗಿಸ್ತಾವೆ.”

ಹೇಳಿದ ಮೇಲೆ ನರ್ಸಮ್ಮ ತುಟಿ ಕಚ್ಚಿಕೊಂಡಳೋ, ಇಲ್ಲ ಗಿಡ್ಡಮ್ಮನಿಗೇ ಹಾಗೆ ಕಂಡಿತೋ.

ಅಷ್ಟರಲ್ಲಿ ಅಜ್ಜಿ ಮತ್ತೆ ಶುರು ಮಾಡಿದಳು. ಈ ಸಲ ಉದ್ದದ ಮಾತು. ದನಿ ಏರಲಿಲ್ಲ, ಇಳಿಯಲಿಲ್ಲ. ಮಕ್ಕಳಿಗೆ ದಾರಿ ಹೇಳಿಕೊಡುವವರ ಹಾಗೆ ಒಂದೊಂದೇ ಮಾತು ಇಟ್ಟು, ಬಿಟ್ಟು, ಇಟ್ಟು ಆಡಿದಳು. ನಡುವೆ ಒಮ್ಮೆ ಗಿಳಿ ಬಾಯಿ ತೆರೆದಳು. ಗಿಡ್ಡಮ್ಮ ಮತ್ತೆ ಅವಳ ಕೈ ಮೇಲೆ ಕೈಯಿಟ್ಟು, ನೀನು ಸುಮ್ಮನಿರಬಹುದು ಎಂಬಂತೆ ತಲೆಯಾಡಿಸಿದಳು. ಗಿಳಿ ಬಾಯಿ ಮುಚ್ಚಿದಳು. ಕಣ್ಣು ಮಾತ್ರ ಅಜ್ಜಿಯ ಮೇಲೇ ಇತ್ತು.

“ಏನಂತಾರೆ?”

“ಮೊಮ್ಮಗಳದ್ದು ತಪ್ಪಿಲ್ಲ ಅಂತಾರೆ,” ಎಂದಳು ನರ್ಸಮ್ಮ.

“ಅಷ್ಟುದ್ದ ಮಾತಿಗೆ ಇಷ್ಟೇನಾ?”

“ವಯಸ್ಸಾದವರಲ್ವಾ ಮೇಡಂ. ಹೇಳಿದ್ದನ್ನೇ ಹೇಳ್ತಾರೆ.”

ಗಿಡ್ಡಮ್ಮ ನಕ್ಕು ಎದ್ದಳು. ಶಿಬಿರದಲ್ಲಿ ಮೇಜರ್ ಆಕೆಗೆ ಸಮಯ ಕೊಟ್ಟಿದ್ದ. ತಾನು ಬರುವವರೆಗೆ ಗಿಳಿಯನ್ನು ಯಾರ ಜೊತೆಗೂ ಹೊರಗೆ ಕಳಿಸಬೇಡಿ ಎಂದು ನರ್ಸಮ್ಮನಿಗೆ ಹೇಳಿ ಚಪ್ಪಲಿ ಮೆಟ್ಟಿದಳು.

ದಾರಿಯುದ್ದಕ್ಕೂ ಆಕೆಯ ತಲೆಯಲ್ಲಿ ಇದ್ದವರು ಮೇಷ್ಟ್ರು. ಗಿಳಿಗೆ ಪೇಟೆ ಮಾತು ಕಲಿಸಿದವರು ಅವರು. ನಿನ್ನೆ ವಿಚಾರಿಸಿದಾಗ, ಶಿಬಿರ ಬಂದ ಹೊಸದರಲ್ಲಿ ಹಾಲಿನವರಿಗೂ ಸೈನಿಕರಿಗೂ ಜಗಳವಾದಾಗ ಗಿಳಿಯನ್ನು ಗೇಟಿನವರೆಗೆ ಕಳಿಸಿದ್ದು ನಿಜ ಎಂದು ಒಪ್ಪಿಕೊಂಡಿದ್ದರು. ಆಮೇಲೆ ಯಾವ ಮಗುವನ್ನೂ ಕಳಿಸಿಲ್ಲ ಎಂದು ಆಣೆ ಮಾಡಿದ್ದರು. ಆಕೆ ಅದನ್ನು ಅರ್ಧ ನಂಬಿದ್ದಳು. ಗಿಳಿಯನ್ನು ಆ ಕುರ್ಚಿಗೆ ತಲುಪಿಸಿದ ಕೈ ಯಾರದೋ ಇರಲೇಬೇಕಲ್ಲ.

ಶಾಲೆಯ ಗೇಟಿನಲ್ಲಿ ಮರಳು ಚೀಲಗಳ ಹಿಂದೆ ನಿಂತಿದ್ದ ಕಾವಲಿನವನು ಆಕೆಯ ಚೀಲ ಬಿಚ್ಚಿ ನೋಡಿ ಒಳಗೆ ಬಿಟ್ಟ. ಆಟದ ಬಯಲಿನಲ್ಲಿ ಲಾರಿಗಳು ನಿಂತಿದ್ದವು. ಒಂದನೇ ತರಗತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಮಾಲೆ ಹಾಗೇ ಇತ್ತು. ಅದರ ಕೆಳಗೆ ಸಾಲಾಗಿ ಶಿರಸ್ತ್ರಾಣಗಳು ತೂಗುತ್ತಿದ್ದವು. ಕಿಟಕಿಯ ಸರಳಿಗೆ ಯಾರೋ ಒಗೆದ ಬನಿಯನ್ ಒಣಹಾಕಿದ್ದರು. ಪುಟ್ಟ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಜಗಲಿಗೆ ಅಡ್ಡ ಕಟ್ಟಿದ್ದರು.

ಮೇಜರ್ ಹೆಡ್‌ಮಾಸ್ಟರ ಕೋಣೆಯಲ್ಲೇ ಇದ್ದ. ಮೂವತ್ತೈದರ ಆಸುಪಾಸಿನವನು, ಇಸ್ತ್ರಿ ಮುರಿಯದ ಬಟ್ಟೆ, ಮೆತ್ತಗಿನ ಮಾತು. ಎದ್ದು ನಿಂತು ನಮಸ್ಕರಿಸಿದ. ಟೀ ತರಿಸಲೇ ಎಂದ. ಗಿಡ್ಡಮ್ಮ ಬೇಡ ಎಂದಳು.

ಶಾಲೆಯಲ್ಲಿ ಶಿಬಿರ ಹಾಕಬಾರದು ಎಂಬ ಮಾತು ಬಂದಾಗ ಆತ ತಲೆಯಾಡಿಸಿದ. ತನಗೂ ಅದು ಇಷ್ಟವಿಲ್ಲ, ಬೇರೆ ಕಟ್ಟಡ ಸಿಕ್ಕರೆ ಇವತ್ತೇ ಬಿಡುತ್ತೇನೆ, ಮೇಲಿನವರಿಗೆ ಬರೆದಿದ್ದೇನೆ ಎಂದ. ವಿಚಾರಣೆಯಲ್ಲಿ ಮಗುವನ್ನು ಕೂರಿಸಿದ ಮಾತು ಬಂದಾಗ, ಅದೆಲ್ಲ ಕೇರಿಯವರ ಕಟ್ಟುಕತೆ ಎಂದ. ಇಷ್ಟು ನಯವಾಗಿ ಸುಳ್ಳು ಹೇಳುವವರನ್ನು ಗಿಡ್ಡಮ್ಮ ಪೊಲೀಸ್ ಠಾಣೆಯಲ್ಲಿ ಬಹಳ ಕಂಡಿದ್ದಳು. ಅವರ ಜೊತೆ ದನಿ ಏರಿಸಿ ಪ್ರಯೋಜನವಿಲ್ಲ. ಆಕೆ ಕೋಣೆಯನ್ನು ನೋಡುತ್ತ ಕೂತಳು.

ಮೇಜು. ಮೇಜಿನಾಚೆ ಮೇಜರನ ಕುರ್ಚಿ. ಈಚೆ ತಾನು ಕೂತ ಕುರ್ಚಿ, ಮರದ್ದು, ಹಳೆಯದು, ಶಾಲೆಯದೇ. ಬೇರೆ ಕುರ್ಚಿ ಕೋಣೆಯಲ್ಲಿಲ್ಲ.

ಆಗ ಆಕೆಯ ಗಮನ ತನ್ನ ಕಾಲಿನ ಕಡೆ ಹೋಯಿತು.

ಬಸ್ಸಿನಲ್ಲಾಗಲಿ, ಕಚೇರಿಯಲ್ಲಾಗಲಿ, ಕೂತಲ್ಲೆಲ್ಲ ಕಾಲು ತೂಗಾಡುವುದು ಗಿಡ್ಡಮ್ಮನಿಗೆ ಹೊಸತಲ್ಲ. ಇಲ್ಲಿ ತೂಗಾಡುತ್ತಿರಲಿಲ್ಲ. ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿ ಊರಿದ್ದವು.

“ವಿಚಾರಣೆ ದಿನ ಇಲ್ಲಿದ್ದದ್ದು ಇದೇ ಕುರ್ಚಿನಾ?” ಎಂದು ಆಕೆ ತೀರ ಸಹಜವಾಗಿ ಕೇಳಿದಳು.

“ಹೌದು. ಇರೋದೇ ಎರಡು,” ಎಂದ ಮೇಜರ್. ಪ್ರಶ್ನೆ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಆತನಿಗೆ ಹೊಳೆಯಲಿಲ್ಲ.

ಗಿಡ್ಡಮ್ಮನ ತಲೆಯೊಳಗೆ ಒಂದೊಂದೇ ಗಂಟು ಬಿಚ್ಚುತ್ತಿತ್ತು. ತನ್ನ ಕಾಲು ಎಟುಕುವ ಕುರ್ಚಿಯಲ್ಲಿ ತನಗಿಂತ ಎತ್ತರದ ಗಿಳಿಯ ಕಾಲು ಹೇಗೆ ತೂಗಾಡಿತು? ಎರಡು ಮಾತನ್ನೂ ಅರೆದು ಕುಡಿದ ಹುಡುಗಿ, ಹಾಲುಹಲ್ಲಿನ ಮಕ್ಕಳು ಮಾತ್ರ ಎಡವುವ ಮಾತಿನಲ್ಲಿ ಹೇಗೆ ಎಡವಿದಳು? ಗಿಳಿ ಈ ಕೋಣೆಗೆ ಬಂದೇ ಇರಲಿಲ್ಲ. ಯಾರದೋ ಬಾಯಿಂದ ಕೇಳಿದ್ದನ್ನು ಮಗ್ಗಿ ಮಾಡಿಕೊಂಡು ಒಪ್ಪಿಸಿದ್ದಳು. ಚಪ್ಪಲಿಯ ಮಾತಿಗೆ ಮಾತ್ರ ಅವಳ ದನಿ ಒದ್ದೆಯಾಗಿದ್ದು ಯಾಕೆಂದರೆ ಆ ಚಪ್ಪಲಿ ಅವಳು ಪ್ರೀತಿಸುವ ಯಾವುದೋ ಪುಟ್ಟ ಕಾಲಿನದು.

ಕಲ್ಲು ತಿಂದದ್ದು ಒಂದು ಮಗು. ಕುರ್ಚಿಯಲ್ಲಿ ಕೂತದ್ದು ಇನ್ನೊಂದು.

“ಮೇಜರ್ ಅವರೇ, ನಿಮಗೆ ಒಂದು ವಿಷಯ ಹೇಳ್ತೀನಿ,” ಎಂದಳು ಗಿಡ್ಡಮ್ಮ. “ಆ ದೋಣಿಯವನು ನಿಮ್ಮ ಎದುರು ಏನಂದ ಗೊತ್ತಾ? ಅಕ್ಕನ ಮನೆಯವರು ಮಗಳನ್ನ ನೋಡೋಕೆ ಬಂದಿದ್ರು, ಊಟ ಹಾಕಿ ಕಳಿಸ್ದೆ ಅಂದ. ಅಷ್ಟೇ ಅಂದಿದ್ದು ಅವನು.”

ಆಮೇಲೆ ಎಳೆದ ಅಕ್ಷರ, ಮೊಟಕು ಅಕ್ಷರದ ಕತೆಯನ್ನು ಆತನಿಗೆ ಬಿಡಿಸಿ ಹೇಳಿದಳು. ಎಷ್ಟು ನಿಧಾನವಾಗಿ ಹೇಳಿದಳೆಂದರೆ, ಮುಗಿಯುವ ಹೊತ್ತಿಗೆ ಆತನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಮಲಗಿತ್ತು.

ಹೊರಗೆ ಯಾರೋ ಲಾರಿಯ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದರು.

“ಅವನನ್ನ ಅವತ್ತೇ ಮೇಲಿನವರಿಗೆ ಒಪ್ಪಿಸಿಬಿಟ್ಟೆವು,” ಎಂದ ಮೇಜರ್. “ಈಗ ಅವನು ನನ್ನ ಕೈಲಿಲ್ಲ.”

“ಒಪ್ಪಿಸಿದ್ದು ಒಂದು ಮಗುವಿನ ಮಾತಿನ ಮೇಲೆ.”

“ನಾವು ಹುಡುಗನ್ನ ಗದರಿಸಲಿಲ್ಲ ಮೇಡಂ. ಹೊಡೀಲಿಲ್ಲ.”

“ಹೊಡೆದ್ರಾ ಅಂತ ನಾನು ಕೇಳಲಿಲ್ಲವಲ್ಲ.”

ಹುಡುಗ. ಆ ಮಾತು ತನ್ನ ಬಾಯಿಂದ ಜಾರಿಹೋದದ್ದು ಆತನಿಗೂ ತಿಳಿಯಿತು. ಇನ್ನು ಮುಚ್ಚಿಡುವುದು ಆತನಿಗೇ ಸಾಕಾಗಿತ್ತೋ ಏನೋ, ಗಿಡ್ಡಮ್ಮ ಎಷ್ಟು ಎತ್ತರದ ಹುಡುಗ ಎಂದು ಕೇಳಿದಾಗ ಅಂಗೈಯನ್ನು ಮೇಜಿಗಿಂತ ಒಂದು ಗೇಣು ಮೇಲೆ ಹಿಡಿದು ತೋರಿಸಿದ.

ಆಮೇಲೆ ಆತ ಹೇಳಿದ್ದು ಹೀಗೆ. ಹುಡುಗ ಯಾರ ಮನೆಯವನೋ ಗೊತ್ತಿಲ್ಲ. ತಾವು ಇಲ್ಲಿಗೆ ಬಂದಾಗಲೇ ಅಡುಗೆ ಮನೆಯಲ್ಲಿದ್ದ. ಹಿಂದಿನ ತುಕಡಿಯವರು ಜಾಗ ಖಾಲಿ ಮಾಡುವಾಗ ಪಾತ್ರೆ, ಒಲೆ, ನೀರಿನ ಪೀಪಾಯಿಯ ಜೊತೆ ಅವನನ್ನೂ ಬಿಟ್ಟು ಹೋದರು. ಅನಾಥ, ಯಾವುದೋ ಸುಟ್ಟುಹೋದ ಕೇರಿಯಲ್ಲಿ ಸಿಕ್ಕಿದವನು ಎಂದರು. ಅಡುಗೆಯವರು ಅವನಿಗೆ ಪೇಟೆ ಮಾತು ಕಲಿಸಿದರು. ಬೇಲಿಯಾಚೆ ಒಬ್ಬಳು ದೊಡ್ಡ ಹುಡುಗಿ ಬಂದು ಅವನ ಜೊತೆ ಬೆಟ್ಟದ ಮಾತಾಡುತ್ತಿದ್ದಳು. ಯಾರೂ ತಡೆಯಲಿಲ್ಲ. ಪಾಪದ ಮಗು, ಆಡಿಕೊಳ್ಳಲಿ ಎಂದು ಬಿಟ್ಟಿದ್ದರು. ಅಧಿಕೃತ ದುಭಾಷಿ ಬರಬೇಕಾದವನು ಅವತ್ತು ಬರಲಿಲ್ಲ.

“ಹುಡುಗ ಇದ್ದ. ಕರೆದ್ವಿ,” ಎಂದ ಮೇಜರ್.

ಶಾಲೆಗೆ ಸೇರಿಸದ, ಯಾವ ಮನೆಗೂ ಸೇರದ, ಕೇರಿಯವರೂ ಲೆಕ್ಕಕ್ಕೆ ತಗೊಳ್ಳದ ಮಗು. ಇಷ್ಟು ದಿನ ತಾನೂ ಮೇಷ್ಟ್ರೂ ಕೇರಿಯೂ ಹುಡುಕಿದ್ದು ತಮಗೆ ಗೊತ್ತಿದ್ದ ಮಕ್ಕಳ ನಡುವೆ. ಗೊತ್ತಿಲ್ಲದ ಮಗುವಿನ ಪರವಾಗಿ ನಿಂತವಳು ಗಿಳಿ ಒಬ್ಬಳೇ, ಅದೂ ಬೇಲಿಯ ಆಚೆ ನಿಂತು.

ದೋಣಿಯವನು ಬದುಕಿದ್ದರೆ ಅವನನ್ನು ಹೊರಗೆ ತರಲು ಈಗ ಒಂದೇ ದಾರಿ. ಆ ಹುಡುಗ ಆಯೋಗದ ಎದುರು, ಹೆದರಿಕೆಯಿಲ್ಲದ ಜಾಗದಲ್ಲಿ, ನಡೆದದ್ದನ್ನು ಹೇಳಬೇಕು.

“ಅವನನ್ನ ಕರೆಸಿ,” ಎಂದಳು. “ಈಗಲೇ ನನ್ನ ಜೊತೆ ಕಳಿಸಿ.”

ಮೇಜರ್ ಆಕೆಯನ್ನು ವಿಚಿತ್ರವಾಗಿ ನೋಡಿದ. “ನಿನ್ನೆ ಮಧ್ಯಾಹ್ನವೇ ಕಳಿಸಿದೆವಲ್ಲ ಮೇಡಂ. ನಿಮ್ಮ ಜೊತೆ ಓಡಾಡ್ತಾರಲ್ಲ, ಆ ನರ್ಸಮ್ಮನೇ ಬಂದು ಕರ್ಕೊಂಡು ಹೋದ್ರು. ಅನಾಥ ಮಕ್ಕಳ ಮನೆಗೆ ಸೇರಿಸೋಕೆ ಅಂತ ನೀವೇ ಹೇಳಿಕಳಿಸಿದ್ದು ಅಂದ್ರು.”

ಪೊಲೀಸ್ ಕೆಲಸದಲ್ಲಿ ಇಷ್ಟು ವರ್ಷ ಕಳೆದರೂ ಗಿಡ್ಡಮ್ಮನಿಗೆ ಒಂದು ವಿದ್ಯೆ ಕೈಗೂಡಿರಲಿಲ್ಲ. ಎದೆ ಧಸಕ್ಕೆಂದದ್ದನ್ನು ಆಕೆಯ ಮುಖ ಮುಚ್ಚಿಡುತ್ತಿರಲಿಲ್ಲ. ಹೌದು ಹೌದು, ಮರೆತಿದ್ದೆ ಎಂದು ಆಕೆ ಹೇಳಿ ಮುಗಿಸುವಷ್ಟರಲ್ಲಿ ಮೇಜರ್ ಆ ಮುಖವನ್ನು ಓದಿ ಆಗಿತ್ತು. ಆತನ ಮೆತ್ತಗಿನ ಕಣ್ಣು ಗಟ್ಟಿಯಾದವು. ಆ ಹುಡುಗ ಬಾಯಿ ಬಿಟ್ಟರೆ ಮೊದಲು ಉತ್ತರ ಹೇಳಬೇಕಾದವನು ತಾನು ಎಂಬ ಲೆಕ್ಕ ಅವುಗಳೊಳಗೆ ಓಡುತ್ತಿತ್ತು.

ಗಿಡ್ಡಮ್ಮ ಹೊರಗೆ ಬಂದು ಗೇಟಿನವರೆಗೆ ನಡೆದಳು, ಗೇಟು ದಾಟಿದ ಮೇಲೆ ಓಡಿದಳು. ಐವತ್ತೆರಡರ ಮೊಣಕಾಲು ಇಳಿಜಾರಿನಲ್ಲಿ ಹೆಜ್ಜೆಹೆಜ್ಜೆಗೂ ದೂರಿತು.

ನರ್ಸಮ್ಮ ಬೆಳಗಿನಿಂದ ಎದುರಿಗೇ ಇದ್ದಳು. ಹುಡುಗನ ಸುದ್ದಿ ಎತ್ತಲಿಲ್ಲ. ಗಿಳಿ ಇವತ್ತೇ ಯಾಕೆ ಬಾಯಿ ಬಿಟ್ಟಳು? ನಿನ್ನೆ ಹುಡುಗ ಶಿಬಿರದಿಂದ ಹೊರಬಿದ್ದ. ಇನ್ನು ಯಾರೂ ಅವನ ಬೆನ್ನು ಹತ್ತಬಾರದು, ತನಿಖೆ ತನ್ನಲ್ಲಿಗೇ ಬಂದು ನಿಲ್ಲಲಿ ಎಂದು. ಮತ್ತೆ ಅಜ್ಜಿಯ ಆ ಉದ್ದದ ಮಾತು? ಅದರಲ್ಲಿ ತನಗೆ ಸಿಕ್ಕಿದ್ದು ನರ್ಸಮ್ಮ ಕೊಟ್ಟ ಒಂದೇ ಸಾಲು. ಗಿಳಿ ಏನೋ ಹೇಳಲು ಬಾಯಿ ತೆರೆದಾಗ ಕೈ ಹಿಡಿದು ಸುಮ್ಮನಾಗಿಸಿದವಳು ತಾನೇ. ಒಳ್ಳೆಯದಕ್ಕೆಂದೇ ಸುಮ್ಮನಾಗಿಸಿದ್ದು.

ಜಗಲಿಯಲ್ಲಿ ಪಾಠ ನಡೆದೇ ಇತ್ತು. ಮೇಷ್ಟ್ರು ಕತ್ತೆತ್ತಿ ನೋಡಿ, ಏನಾಯಿತೆಂದು ಕಣ್ಣಲ್ಲೇ ಕೇಳಿದರು. ಆಕೆ ನಿಲ್ಲಲಿಲ್ಲ.

ನರ್ಸಮ್ಮನ ಮನೆಯ ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ಚಾಪೆ ಸುತ್ತಿಟ್ಟಿತ್ತು. ಹಿತ್ತಲ ಬಾಗಿಲಾಚೆ ನದಿಗಿಳಿಯುವ ಕಾಲುದಾರಿ, ಅದರ ಮೆಟ್ಟಿಲ ಮೇಲೆ ಅಜ್ಜಿ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಕೈ ಜೋಡಿಸಿಕೊಂಡು ನೀರಿನ ಕಡೆ ನೋಡುತ್ತಿದ್ದಳು.

ಗಿಡ್ಡಮ್ಮ ಏದುಸಿರು ಬಿಡುತ್ತ ಎದುರು ನಿಂತಳು. ಗಿಳಿ ಎಲ್ಲಿ, ನರ್ಸಮ್ಮ ಎಲ್ಲಿ ಎಂದು ಕೈಸನ್ನೆ ಮಾಡಿದಳು. ಈ ಮುದುಕಿಗೆ ಹೇಗೆ ತಿಳಿಸುವುದು, ಇವಳಿಂದ ಹೇಗೆ ತಿಳಿಯುವುದು ಎಂದು ತೋಚಲಿಲ್ಲ.

“ಕೂತ್ಕೋ ತಾಯಿ. ಉಸಿರು ಹಿಡ್ಕೋ,” ಎಂದಳು ಅಜ್ಜಿ.

ಪೇಟೆ ಮಾತು. ಗಿಡ್ಡಮ್ಮ ಮೆಟ್ಟಿಲ ಮೇಲೆ ಕೂತಳು.

“ನಿಮಗೆ ಬರುತ್ತೆ.”

“ಚಿಕ್ಕೋಳಿದ್ದಾಗ ನಾನೂ ಗಿಳಿನೇ. ನನ್ನ ಬಾಯಲ್ಲೂ ಹೇಳಿಸಿದ್ರು, ಆಗಿನ ಸಿಪಾಯಿಗಳು. ಅವತ್ತಿಂದ ಈ ಮಾತು ಆಡೋದು ಬಿಟ್ಟೆ.” ಅಜ್ಜಿಯ ಮಾತು ಹಳೆಯದಾಗಿತ್ತು, ಬಳಸದೆ ಇಟ್ಟ ಬೀಗದ ಹಾಗೆ ತಡೆತಡೆದು ತಿರುಗುತ್ತಿತ್ತು. “ಬೆಳಿಗ್ಗೆ ನಿನ್ನ ಎದುರೇ ಕೂತು ಅವರಿಗೆ ದಾರಿ ಹೇಳಿದೆ. ನೀನು ಎದ್ದು ಹೋದ ತಕ್ಷಣ ಹೊರಡಿ ಅಂದೆ. ಗಿಳಿ ನನ್ನ ಬಿಟ್ಟು ಹೋಗಲ್ಲ ಅನ್ನೋಕೆ ಬಂದ್ಲು. ನೀನು ಅವಳ ಕೈ ಹಿಡಿದೆ.”

ನಿನ್ನೆಯಿಂದ ಒಳಕೋಣೆಯಲ್ಲೇ ಅಡಗಿದ್ದ ಹುಡುಗ ಅನಾಥನಲ್ಲವಂತೆ. ನದಿಯಾಚೆ ಅವನಿಗೂ ಒಬ್ಬಳು ಅಜ್ಜಿ ಇದ್ದಾಳೆ. ಸುಟ್ಟ ಮನೆಯಿಂದ ಮೊಮ್ಮಗನನ್ನು ಯಾರೋ ಎತ್ತಿಕೊಂಡು ಹೋದರೆಂದು ಕಂಡಕಂಡವರನ್ನು ಕೇಳುತ್ತ ಬದುಕಿದ್ದಾಳೆ. ನರ್ಸಮ್ಮ ಆ ಸುದ್ದಿ ತಂದ ದಿನವೇ ಹುಡುಗನನ್ನು ಅವಳಿಗೆ ಸೇರಿಸುವುದೆಂದು ತಾವು ಮೂವರೂ ತೀರ್ಮಾನಿಸಿದರಂತೆ. ಒಳದಾರಿಯಲ್ಲಿ, ನದಿ ದಾಟುವ ಮೇಲಿನ ಕಡವಿಗೆ ನಡೆದು ಹೋಗಬೇಕು. ಇನ್ನೂ ನೀರಿಗೆ ಇಳಿದಿರಲಾರರು.

“ದೋಣಿಯವನ ಹೆಂಡ್ತಿಗೆ ನಾನು ಏನು ಹೇಳ್ಲಿ?” ಎಂದಳು ಗಿಡ್ಡಮ್ಮ. “ಆ ಹುಡುಗ ಹೇಳದೇ ಇದ್ರೆ ಅವಳ ಗಂಡ ಹೊರಗೆ ಬರಲ್ಲ ಅಜ್ಜಿ. ಅವನ ಮಾತು ಬೇಕು.”

“ಒಂದ್ಸಲ ಅವನ ಮಾತು ತಗೊಂಡ್ರು. ಏನಾಯ್ತು ನೋಡಿದ್ಯಲ್ಲ,” ಎಂದಳು ಅಜ್ಜಿ. ಕೋಪದಿಂದಲ್ಲ. “ನೀನು ಕೆಟ್ಟವಳಲ್ಲ. ನಿನಗೂ ಅವನ ಮಾತೇ ಬೇಕು.”

ಮಗುವಿಗೆ ಅವನ ಅಜ್ಜಿ ಸಿಗುವುದು ನ್ಯಾಯ. ದೋಣಿಯವನು ಮನೆಗೆ ಬರುವುದೂ ನ್ಯಾಯ. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ. ಈಗ ಎದ್ದು ಓಡಿದರೆ ಮೇಲಿನ ಕಡವಿನಲ್ಲಿ ಅವರನ್ನು ಹಿಡಿಯಬಹುದಿತ್ತು. ಹಿಡಿದು, ಎಲ್ಲ ನಿಯಮದ ಪ್ರಕಾರ, ಮೆತ್ತನೆಯ ಕುರ್ಚಿ ಇರುವ ಕೋಣೆಯಲ್ಲಿ ಆ ಮಗುವನ್ನು ಮತ್ತೆ ಕೂರಿಸಬಹುದಿತ್ತು.

ಆಕೆ ಇನ್ನೂ ಎದ್ದಿರಲಿಲ್ಲ. ಮನೆಯ ಮುಂದೆ ಜೀಪು ಬಂದು ನಿಂತ ಸದ್ದಾಯಿತು. ಜಗಲಿಯ ಮಕ್ಕಳ ದನಿ ಒಮ್ಮೆಗೇ ನಿಂತಿತು.

ಬೂಟಿನ ಹೆಜ್ಜೆ ಅಡುಗೆಮನೆ ದಾಟಿ ಹಿತ್ತಲಿಗೆ ಬಂತು. ಮೇಜರ್, ಅವನ ಹಿಂದೆ ಇಬ್ಬರು ಸೈನಿಕರು. ಅಜ್ಜಿ ಅವರ ಕಡೆ ತಿರುಗಿಯೂ ನೋಡಲಿಲ್ಲ. ಗಿಡ್ಡಮ್ಮನ ಕಣ್ಣಲ್ಲಿ ಕಣ್ಣಿಟ್ಟು ಬೆಟ್ಟದ ಮಾತಿನಲ್ಲಿ ನಾಲ್ಕು ಮಾತಾಡಿದಳು.

ಆ ನಾಲ್ಕು ಮಾತಿನಲ್ಲಿ ಒಂದೂ ಗಿಡ್ಡಮ್ಮನಿಗೆ ಅರ್ಥವಾಗಲಿಲ್ಲ. ಮೇಜರ್ ಮೆಟ್ಟಿಲಿಳಿದು ಬಂದು, ಖಾಲಿ ಕಾಲುದಾರಿಯನ್ನು ನೋಡಿ, ಆಕೆಯ ಕಡೆ ಬಗ್ಗಿದ.

“ಅಜ್ಜಿ ನಿಮ್ಮ ಹತ್ರ ಮಾತಾಡ್ತಿದ್ರಲ್ಲ ಮೇಡಂ,” ಎಂದ. “ಅವರೆಲ್ಲಿ ಹೋದ್ರಂತೆ? ನೀವೇ ಹೇಳಿ.”